ಕೈ ತಪ್ಪಿದರೂ ಕಿರಣ ತಪ್ಪದಂತೆ

ಏಳನೆಯ ತರಗತಿಯ ಮಕ್ಕಳಿಗೆ ಒಂದು ಪುಟ್ಟ ಲೆಕ್ಕ: ೦.೩ ನಿಮಿಷ ಎಂದರೆ ಎಷ್ಟು ಸೆಕೆಂಡು? ಆತುರದ ಹುಡುಗ 'ಮೂವತ್ತು' ಎಂದುಬಿಡುತ್ತಾನೆ. ನಿಧಾನಿಸಿ ಯೋಚಿಸುವ ಹುಡುಗಿ ಅರವತ್ತನ್ನು ೦.೩ರಿಂದ ಗುಣಿಸಿ 'ಹದಿನೆಂಟು' ಎನ್ನುತ್ತಾಳೆ. ತಪ್ಪಿದ ಉತ್ತರದ ಮುಂದೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಒಂದು ಅಂಕ ಹೋಗುತ್ತದೆ. ಅಲ್ಲಿಗೆ ಮುಗಿಯಿತು.

೧೯೯೬ರ ಆಗಸ್ಟ್ ತಿಂಗಳಲ್ಲಿ ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿ ಸಾನ್ ಹೋಸೆಯ ಒಂದು ಆಸ್ಪತ್ರೆಯಲ್ಲಿ ಇದೇ ಲೆಕ್ಕ ತಪ್ಪಿತು. ಅಲ್ಲಿ ಮಾತ್ರ ಅದು ಒಂದು ಅಂಕಕ್ಕೆ ಮುಗಿಯಲಿಲ್ಲ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ನೀಡುವ ಯಂತ್ರದೊಳಗೆ ಕೋಬಾಲ್ಟ್-೬೦ ಎಂಬ ವಿಕಿರಣಶೀಲ ಲೋಹ ಇರುತ್ತದೆ. ಐದು ವರ್ಷ ಮೂರು ತಿಂಗಳು ಕಳೆಯುವಷ್ಟರಲ್ಲಿ ಅದರ ಶಕ್ತಿ ಅರ್ಧಕ್ಕೆ ಇಳಿಯುವುದರಿಂದ ಆಗಾಗ ಹಳೆಯದನ್ನು ತೆಗೆದು ಹೊಸದನ್ನು ಇಡಬೇಕು. ಇಟ್ಟ ಮೇಲೆ ಹೊಸ ಲೋಹದಿಂದ ನಿಮಿಷಕ್ಕೆ ಎಷ್ಟು ವಿಕಿರಣ ಬರುತ್ತದೆಂದು ಅಳೆಯಬೇಕು. ಹಾಗೆ ಅಳೆಯುವಾಗ ಯಂತ್ರದ ಗಡಿಯಾರ ೦.೩ ನಿಮಿಷ ನಡೆಯಿತು. ಅದನ್ನು ಮೂವತ್ತು ಸೆಕೆಂಡು ಎಂದು ಹಿಡಿದು ಲೆಕ್ಕ ಹಾಕಲಾಯಿತು. ಹದಿನೆಂಟು ಸೆಕೆಂಡಿನಲ್ಲಿ ಬಂದ ವಿಕಿರಣ ಮೂವತ್ತು ಸೆಕೆಂಡಿನಲ್ಲಿ ಬಂದದ್ದೆಂದು ಕಾಗದದ ಮೇಲೆ ದಾಖಲಾಯಿತು. ಅಂದರೆ ಹೊಸ ಲೋಹ ನಿಜಕ್ಕಿಂತ ದುರ್ಬಲವಾಗಿ ಕಾಣಿಸಿತು. ದುರ್ಬಲವಾದರೆ ರೋಗಿಯನ್ನು ಹೆಚ್ಚು ಹೊತ್ತು ಅದರ ಕೆಳಗೆ ಮಲಗಿಸಬೇಕಲ್ಲವೇ? ಒಂದು ನಿಮಿಷ ಸಾಕಾಗಿದ್ದವರನ್ನು ಒಂದು ನಿಮಿಷ ನಲವತ್ತು ಸೆಕೆಂಡು ಮಲಗಿಸಿದರು. ಒಂದು ತಿಂಗಳಿಗೂ ಹೆಚ್ಚು ಕಾಲ, ಒಟ್ಟು ೧೧೫ ಜನರಿಗೆ ಹೀಗೆ ಆಯಿತು. ಕೆಲವರು ಆ ಹೆಚ್ಚುವರಿ ವಿಕಿರಣದಿಂದಲೇ ತೀರಿಕೊಂಡರು, ಹಲವರು ಬದುಕಿನುದ್ದಕ್ಕೂ ಅದರ ನೋವನ್ನು ಹೊತ್ತರು.

ಲೆಕ್ಕ ತಪ್ಪಿದ್ದು ಒಬ್ಬರ ಕೈಯಲ್ಲಿ, ಒಂದೇ ಸಲ. ಅಂಥ ತಪ್ಪು ಯಾರ ಕೈಯಲ್ಲೂ ಆಗಬಹುದು. ನಡೆಯುವವರಲ್ಲವೇ ಎಡವುವುದು, ಕುಳಿತವರಲ್ಲ. ಆದರೆ ಬೆಳಗಿನಿಂದ ಸಂಜೆಯವರೆಗೆ, ಒಬ್ಬರಾದ ಮೇಲೆ ಒಬ್ಬರಂತೆ ನೂರ ಹದಿನೈದು ಜನರ ಮೈ ಹಾಯುವವರೆಗೂ ಆ ತಪ್ಪು ಎಲ್ಲಿಯೂ ತಡೆಯಿಲ್ಲದೆ ಸಾಗಿದ್ದು ಹೇಗೆ? 'ತಪ್ಪು ಮಾಡಿದ್ದು ಯಾರು' ಎನ್ನುವುದಕ್ಕಿಂತ ಈ ಎರಡನೆಯ ಪ್ರಶ್ನೆ ದೊಡ್ಡದು. ಕಾರು, ಮಗ್ಗ, ರಾಕೆಟ್ ತಯಾರಿಸುವ ಕಾರ್ಖಾನೆಗಳು ಬಹಳ ಹಿಂದೆಯೇ ಈ ಪ್ರಶ್ನೆಯನ್ನು ಕೇಳಿಕೊಂಡು ಒಂದಷ್ಟು ಉತ್ತರಗಳನ್ನು ಕಂಡುಕೊಂಡಿದ್ದವು. ಆಸ್ಪತ್ರೆಗಳು ಆ ಉತ್ತರಗಳ ಬಾಗಿಲು ತಟ್ಟಿದ್ದು ತಡವಾಗಿ.

ವಿಕಿರಣ ಚಿಕಿತ್ಸೆಗೆ ಹಳ್ಳಿಯ ಕಡೆ 'ಕರೆಂಟು ಕೊಡಿಸುವುದು' ಎನ್ನುತ್ತಾರೆ. ಅದು ಕರೆಂಟಲ್ಲ. ಕಣ್ಣಿಗೆ ಕಾಣದ, ಬಹಳ ಶಕ್ತಿಯುಳ್ಳ ಕಿರಣಗಳು. ಗೆಡ್ಡೆಯ ಜೀವಕೋಶಗಳು ಮತ್ತೆ ಮತ್ತೆ ಒಡೆದು ಬೆಳೆಯದಂತೆ ಅವು ತಡೆಯುತ್ತವೆ. ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಚಿಕಿತ್ಸೆಯ ಯಾವುದಾದರೊಂದು ಹಂತದಲ್ಲಿ ಇದು ಬೇಕಾಗುತ್ತದೆ. ವಿಕಿರಣವನ್ನು ಅಳೆಯುವ ಮಾನಕ್ಕೆ ಬ್ರಿಟನ್ನಿನ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇ ಅವರ ಹೆಸರಿಟ್ಟು 'ಗ್ರೇ' ಎನ್ನುತ್ತಾರೆ. ಒಂದು ಕಿಲೋಗ್ರಾಂ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಅದು ಒಂದು ಗ್ರೇ. ಸಾಮಾನ್ಯವಾಗಿ ದಿನಕ್ಕೆ ಎರಡು ಗ್ರೇ, ವಾರಕ್ಕೆ ಐದು ದಿನ, ಐದಾರು ವಾರಗಳ ಕಾಲ ಕೊಡುತ್ತಾರೆ. ಒಂದೇ ಸಲಕ್ಕೆ ಸುರಿಯದೆ ಹೀಗೆ ಕಂತು ಕಂತಾಗಿ ಕೊಡುವುದಕ್ಕೆ ಕಾರಣ, ಕಂತುಗಳ ನಡುವಿನ ವಿರಾಮದಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಗಾಯವನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಚಾತುರ್ಯ ಕಡಿಮೆ.

ಹೆಚ್ಚಾದರೆ ಪಕ್ಕದ ಒಳ್ಳೆಯ ಅಂಗ ಸುಡುತ್ತದೆ. ಕಡಿಮೆಯಾದರೆ ಗೆಡ್ಡೆ ಉಳಿಯುತ್ತದೆ. ಈ ಎರಡರ ನಡುವಿನ ಹಾದಿ ಬಹಳ ಕಿರಿದು. ಇಷ್ಟು ಸಾಲದೆಂಬಂತೆ ಇನ್ನೊಂದು ತೊಡಕಿದೆ. ಎರಡು ಗ್ರೇ ವಿಕಿರಣ ಮೈಗೆ ತಾಗಿದರೆ ಅಲ್ಲಿನ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲೊಂದು ಭಾಗದಷ್ಟೂ ಏರುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಬಿಸಿಯಿಲ್ಲ. ಅಡುಗೆ ಮಾಡುವವರು ಒಂದು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾರೆ. ಬಡಗಿ ಒಂದು ಕಣ್ಣು ಮುಚ್ಚಿ ಮರದ ನೇರ ನೋಡುತ್ತಾನೆ. ವಿಕಿರಣ ಕೊಡುವವರಿಗೆ ರುಚಿಯೂ ಇಲ್ಲ, ನೋಟವೂ ಇಲ್ಲ. ಕೊಟ್ಟದ್ದು ಸರಿಯೋ ತಪ್ಪೋ ಎಂದು ರೋಗಿಯ ಮೈ ಹೇಳುವುದು ವಾರಗಳು, ಒಮ್ಮೊಮ್ಮೆ ತಿಂಗಳುಗಳು ಕಳೆದ ಮೇಲೆ. ಇಂಥ ಕೆಲಸದಲ್ಲಿ 'ಹುಷಾರಾಗಿ ಮಾಡಿ' ಎಂಬ ಬುದ್ಧಿವಾದ ಎಷ್ಟು ದೂರ ಹೋದೀತು?

ಕಡಿಮೆಯಾದದ್ದಕ್ಕೂ ಒಂದು ಉದಾಹರಣೆ ಇದೆ. ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್ ಪಟ್ಟಣದ ಆಸ್ಪತ್ರೆಗೆ ೧೯೮೨ರಲ್ಲಿ ಚಿಕಿತ್ಸೆಯ ಲೆಕ್ಕ ಹಾಕುವ ಕಂಪ್ಯೂಟರ್ ಬಂತು. ಯಂತ್ರಕ್ಕೂ ರೋಗಿಗೂ ನಡುವಿನ ದೂರ ಬದಲಾದಾಗ ಸಮಯವನ್ನು ತಿದ್ದಬೇಕಾಗುತ್ತದೆ. ಆವರೆಗೆ ಆ ತಿದ್ದುಪಡಿಯನ್ನು ಸಿಬ್ಬಂದಿ ಕೈಯಿಂದ ಮಾಡುತ್ತಿದ್ದರು. ಹೊಸ ಕಂಪ್ಯೂಟರ್ ಅದನ್ನು ತಾನೇ ಮಾಡುತ್ತಿತ್ತು. ಆದರೆ ಸಿಬ್ಬಂದಿ ತಮ್ಮ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಅತ್ತೆ ಉಪ್ಪು ಹಾಕಿದ ಸಾರಿಗೆ ಗೊತ್ತಿಲ್ಲದೆ ಸೊಸೆಯೂ ಉಪ್ಪು ಹಾಕಿದಂತೆ ಒಂದೇ ತಿದ್ದುಪಡಿ ಎರಡು ಸಲ ಬಿತ್ತು. ಸಾರಾಗಿದ್ದರೆ ಮೊದಲ ತುತ್ತಿನಲ್ಲೇ ಗೊತ್ತಾಗುತ್ತಿತ್ತು. ಇಲ್ಲಿ ಗೊತ್ತಾಗಲು ಒಂಬತ್ತು ವರ್ಷ ಬೇಕಾಯಿತು. ೧೯೯೧ರಲ್ಲಿ ಮತ್ತೊಂದು ಹೊಸ ಕಂಪ್ಯೂಟರ್ ಬಂದಾಗ ಎರಡರ ಉತ್ತರ ತಾಳೆಯಾಗದೆ ವಿಷಯ ಹೊರಬಿತ್ತು. ಅಷ್ಟರಲ್ಲಿ ಸುಮಾರು ಸಾವಿರ ರೋಗಿಗಳು ಶೇಕಡ ೫ರಿಂದ ೩೦ರಷ್ಟು ಕಡಿಮೆ ವಿಕಿರಣ ಪಡೆದಿದ್ದರು. ಇಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದವರೇ. ಶ್ರದ್ಧೆಯಿಂದಲೇ ತಪ್ಪು ನಡೆದುಬಂತು.

ಯಂತ್ರ ತಪ್ಪುವುದಿಲ್ಲ ಎಂಬ ನಂಬಿಕೆಯ ಕಥೆ ಇನ್ನೂ ಕಠೋರ. ಕೆನಡಾ ಸರ್ಕಾರದ ಅಣುಶಕ್ತಿ ಕಂಪನಿ 'ಥೆರಾಕ್-೨೫' ಎಂಬ ವಿಕಿರಣ ಯಂತ್ರ ತಯಾರಿಸಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ಒಟ್ಟು ಹನ್ನೊಂದು ಯಂತ್ರಗಳು ಸ್ಥಾಪನೆಯಾದವು. ಅದು ಎರಡು ಬಗೆಯ ಚಿಕಿತ್ಸೆ ಕೊಡಬಲ್ಲದು. ಎಲೆಕ್ಟ್ರಾನುಗಳ ಸಣ್ಣ ಹೊಳೆಯನ್ನು ನೇರವಾಗಿ ರೋಗಿಯತ್ತ ಹರಿಸುವುದು ಒಂದು. ಬಹಳ ದೊಡ್ಡ ಹೊಳೆಯನ್ನು ಲೋಹದ ಗುರಿಗೆ ಬಡಿಸಿ ಅಲ್ಲಿಂದ ಬರುವ ಎಕ್ಸ್ ಕಿರಣಗಳನ್ನು ಕೊಡುವುದು ಇನ್ನೊಂದು. ದೊಡ್ಡ ಹೊಳೆ ಹರಿಯುವಾಗ ಅಡ್ಡಲಾಗಿ ಲೋಹದ ಗುರಿ ಇಲ್ಲದಿದ್ದರೆ ಅನಾಹುತ. ಹಿಂದಿನ ಮಾದರಿಯಾದ ಥೆರಾಕ್-೨೦ರಲ್ಲಿ, ಗುರಿ ಅದರ ಜಾಗದಲ್ಲಿ ಇಲ್ಲದಿದ್ದರೆ ಹೊಳೆ ಹರಿಯದಂತೆ ಪ್ರತ್ಯೇಕ ವಿದ್ಯುತ್ ಮತ್ತು ಯಾಂತ್ರಿಕ ತಡೆಗಳಿದ್ದವು. ಹೊಸ ಮಾದರಿಯಲ್ಲಿ 'ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದೆ' ಎಂದು ಆ ತಡೆಗಳನ್ನು ಕೈಬಿಟ್ಟರು. ಒಲೆಯ ಮುಂದೆಯೇ ನಿಂತು ಸೀಟಿ ಎಣಿಸುತ್ತೇವಲ್ಲ ಎಂದು ಕುಕ್ಕರಿನ ಸೇಫ್ಟಿ ವಾಲ್ವ್ ಕಿತ್ತುಹಾಕಿದ ಹಾಗೆ!

೧೯೮೬ರ ಮಾರ್ಚ್ ೨೧. ಅಮೆರಿಕದ ಟೆಕ್ಸಸ್ ರಾಜ್ಯದ ಟೈಲರ್ ಎಂಬ ಊರು. ಯಂತ್ರ ನಡೆಸುವ ಮಹಿಳೆ ಅನುಭವಿ. ಅವರ ಬೆರಳುಗಳು ಕೀಲಿಮಣೆಯ ಮೇಲೆ ಸರಸರನೆ ಓಡುತ್ತಿದ್ದವು. ಎಲೆಕ್ಟ್ರಾನ್ ಚಿಕಿತ್ಸೆಗೆ 'ಇ' ಅಕ್ಷರ ಒತ್ತಬೇಕಾದಲ್ಲಿ ಅಭ್ಯಾಸಬಲದಿಂದ ಎಕ್ಸ್ ಕಿರಣದ 'ಎಕ್ಸ್' ಒತ್ತಿದರು. ತಕ್ಷಣ ತಪ್ಪು ತಿಳಿದು, ಹಿಂದಕ್ಕೆ ಹೋಗಿ ತಿದ್ದಿದರು. ಪರದೆಯ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಎಂಟು ಸೆಕೆಂಡಿನೊಳಗೆ ಮುಗಿದ ಆ ತಿದ್ದುಪಡಿ ಯಂತ್ರದೊಳಗಿನ ಪ್ರೋಗ್ರಾಮಿನ ಒಂದು ಭಾಗಕ್ಕೆ ತಲುಪಲೇ ಇಲ್ಲ. ಗುರಿ ಅಡ್ಡ ಬರಲಿಲ್ಲ, ಹೊಳೆ ಮಾತ್ರ ದೊಡ್ಡದೇ ಹರಿಯಿತು. ಪರದೆಯ ಮೇಲೆ 'ದೋಷ ೫೪' ಎಂದು ಮೂಡಿತು. ಹಾಗೆಂದರೇನೆಂದು ಕೈಪಿಡಿಯಲ್ಲಿ ಬಿಡಿಸಿ ಹೇಳಿರಲಿಲ್ಲ. ಆ ಯಂತ್ರ ದಿನಕ್ಕೆ ಎಷ್ಟೋ ಬಾರಿ ಏನಾದರೊಂದು ದೋಷ ತೋರಿಸುತ್ತಿದ್ದುದರಿಂದ, 'ಮುಂದುವರಿ' ಎಂಬ ಗುಂಡಿ ಒತ್ತುವುದು ರೂಢಿಯಾಗಿತ್ತು. ಅವರೂ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ವಿದ್ಯುತ್ ಹೊಡೆದಂತಾಗಿ ಏಳಲು ಹೋದಾಗ ಎರಡನೆಯ ಹೊಡೆತ ಬಿತ್ತು. ಆ ದಿನ ಕೋಣೆಯ ಟೀವಿ ಕ್ಯಾಮೆರಾ ಸಂಪರ್ಕದಲ್ಲಿರಲಿಲ್ಲ, ಧ್ವನಿ ಕೇಳಿಸುವ ಸಾಧನ ಕೆಟ್ಟಿತ್ತು. ಅವರಿಗೆ ಸಿಕ್ಕ ವಿಕಿರಣ ವೈದ್ಯರು ಬರೆದುಕೊಟ್ಟದ್ದರ ಸುಮಾರು ನೂರು ಪಟ್ಟು. ಐದು ತಿಂಗಳ ನಂತರ ಅವರು ತೀರಿಕೊಂಡರು. ಏಪ್ರಿಲ್ ೧೧ರಂದು ಅದೇ ಯಂತ್ರದಲ್ಲಿ ಮತ್ತೊಬ್ಬರಿಗೆ ಹಾಗೆಯೇ ಆಯಿತು.

೧೯೮೫ರ ಜೂನ್‌ನಿಂದ ೧೯೮೭ರ ಜನವರಿಯವರೆಗೆ ಥೆರಾಕ್-೨೫ರಿಂದ ಹೀಗೆ ಆರು ಅಪಘಾತಗಳಾದವು. ಒಂದು ಊರಿನ ಸುದ್ದಿ ಇನ್ನೊಂದು ಊರಿಗೆ ತಲುಪುತ್ತಿರಲಿಲ್ಲ. ವಿಚಾರಿಸಿದಾಗ 'ಈ ಯಂತ್ರ ಹೆಚ್ಚು ವಿಕಿರಣ ಕೊಡುವುದು ಸಾಧ್ಯವೇ ಇಲ್ಲ' ಎಂಬ ಉತ್ತರ ಬರುತ್ತಿತ್ತು. ಟೈಲರ್‌ನ ದೋಷವನ್ನು ಪತ್ತೆ ಮಾಡಿ ತಿದ್ದುವ ಕೆಲಸ ನಡೆದಿರುವಾಗಲೇ ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಬೇರೆಯೇ ದೋಷದಿಂದ ಆರನೆಯ ಅಪಘಾತವಾಯಿತು. ಪ್ರೋಗ್ರಾಮಿನಲ್ಲಿ ಒಂದು ಎಣಿಕೆಯ ಡಬ್ಬಿ ಇತ್ತು. ಅದರಲ್ಲಿ ಹಿಡಿಯುವುದು ೨೫೫ರವರೆಗಿನ ಸಂಖ್ಯೆ ಮಾತ್ರ. ೨೫೬ನೆಯ ಸಲಕ್ಕೆ ಅದು ಸೊನ್ನೆಯಾಗುತ್ತಿತ್ತು. ಸೊನ್ನೆ ಎಂದರೆ 'ಪರೀಕ್ಷಿಸುವ ಅಗತ್ಯವಿಲ್ಲ' ಎಂದು ಅರ್ಥ. ಸರಿಯಾಗಿ ಆ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಪರೀಕ್ಷೆಯೇ ನಡೆಯದೆ ಕಿರಣ ಹೊರಡುತ್ತಿತ್ತು. ಒಂದು ತೂತಿಗೆ ತೇಪೆ ಹಾಕಿದರೆ ಮಡಕೆ ಗಟ್ಟಿಯಾಗುವುದಿಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಇದಕ್ಕೆ ತಾಳೆ ಹಾಕಿ ನೋಡಬೇಕಾದ ಇನ್ನೊಂದು ಸಂಗತಿ ಶಿಕಾಗೋ ವಿಶ್ವವಿದ್ಯಾಲಯದ್ದು. ಅಲ್ಲಿ ಹಳೆಯ ಥೆರಾಕ್-೨೦ ಯಂತ್ರದ ಮೇಲೆ ವಿದ್ಯಾರ್ಥಿಗಳು ಕಲಿಯುತ್ತಿದ್ದರು. ಪ್ರತಿ ವರ್ಷ ಹೊಸ ತಂಡ ಬಂದ ಮೊದಲ ವಾರಗಳಲ್ಲಿ ಯಂತ್ರದ ಫ್ಯೂಸುಗಳು ಮೇಲಿಂದ ಮೇಲೆ ಹಾರುತ್ತಿದ್ದವು. ದಿನ ಕಳೆದಂತೆ ಅದು ಕಡಿಮೆಯಾಗುತ್ತಿತ್ತು. ಟೈಲರ್‌ನ ಸುದ್ದಿ ತಿಳಿದ ಮೇಲೆ ಅಲ್ಲಿನ ಭೌತವಿಜ್ಞಾನಿ ಹುಡುಕಿ ನೋಡಿದರೆ, ಅದೇ ದೋಷ ಹಳೆಯ ಯಂತ್ರದಲ್ಲೂ ಇತ್ತು! ಕಲಿಯುವ ಹುಡುಗರು ಏನೇನೋ ಒತ್ತಿದಾಗ ದೋಷ ತಲೆ ಎತ್ತುತ್ತಿತ್ತು, ಕೂಡಲೇ ಫ್ಯೂಸ್ ಹಾರಿ ಕಿರಣ ನಿಲ್ಲುತ್ತಿತ್ತು. ತಪ್ಪು ಅದೇ, ಮನುಷ್ಯರೂ ಅಂಥವರೇ. ಒಂದು ಕಡೆ ಹಾಳಾದದ್ದು ಒಂದು ಫ್ಯೂಸ್, ಇನ್ನೊಂದು ಕಡೆ ಹೋದದ್ದು ಜೀವ. ವ್ಯತ್ಯಾಸ ಇದ್ದದ್ದು ನಡುವಿನ ತಡೆಗೋಡೆಯಲ್ಲಿ.

ಈ ತಡೆಗೋಡೆಯ ವಿದ್ಯೆ ಬೆಳೆದದ್ದು ಕಾರ್ಖಾನೆಗಳಲ್ಲಿ. ಜಪಾನಿನ ಸಾಕಿಚಿ ಟೊಯೊಡಾ ೧೯೨೪ರಲ್ಲಿ ಪೂರ್ಣಗೊಳಿಸಿದ ಮಗ್ಗದಲ್ಲಿ, ಒಂದು ಎಳೆ ಹರಿದರೂ ಸಾಕು, ಮಗ್ಗ ತಾನಾಗಿ ನಿಲ್ಲುತ್ತಿತ್ತು. ಅದರ ಹಿಂದಿದ್ದ ಯೋಚನೆ ಸರಳ: ಹರಿದ ಎಳೆಯೊಂದಿಗೆ ಮಾರುದ್ದ ಬಟ್ಟೆ ನೇಯ್ದು ಆಮೇಲೆ ಬಿಸಾಡುವುದಕ್ಕಿಂತ ತಪ್ಪಿದಲ್ಲೇ ನಿಲ್ಲುವುದು ಮೇಲು. ಅವರ ಮಗ ಕಟ್ಟಿದ ಟೊಯೊಟಾ ಕಾರಿನ ಕಂಪನಿ ಆ ಯೋಚನೆಯನ್ನು ಮುಂದಕ್ಕೆ ಒಯ್ದಿತು. ದೋಷ ಕಂಡ ಯಾವ ಕೆಲಸಗಾರನೇ ಆಗಲಿ ತಲೆಯ ಮೇಲಿನ ಹಗ್ಗ ಎಳೆದು ಎಚ್ಚರಿಸಬಹುದು. ಅಗತ್ಯವಾದರೆ ಇಡೀ ಸಾಲಿನ ಕೆಲಸವೇ ನಿಲ್ಲುತ್ತದೆ.

ಶಿಗೆಯೊ ಶಿಂಗೊ ಎಂಬ ಜಪಾನಿ ಎಂಜಿನಿಯರ್ ೧೯೬೧ರಲ್ಲಿ ಒಂದು ವಿದ್ಯುತ್ ಉಪಕರಣಗಳ ಕಾರ್ಖಾನೆಗೆ ಹೋದರು. ಅಲ್ಲಿ ಒಂದು ಸ್ವಿಚ್ಚಿನೊಳಗೆ ಎರಡು ಪುಟ್ಟ ಸ್ಪ್ರಿಂಗುಗಳನ್ನು ಇಡಬೇಕು. ಕೆಲಸಗಾರರು ಆಗಾಗ ಒಂದನ್ನು ಮರೆಯುತ್ತಿದ್ದರು. ಬೈದದ್ದಾಯಿತು, ಎಚ್ಚರಿಕೆ ಹೇಳಿದ್ದಾಯಿತು. ಶಿಂಗೊ ಮಾಡಿದ್ದು ಇಷ್ಟೇ: ಸ್ವಿಚ್ ಕೈಗೆತ್ತಿಕೊಳ್ಳುವ ಮೊದಲು ಒಂದು ತಟ್ಟೆಯಲ್ಲಿ ಎರಡು ಸ್ಪ್ರಿಂಗ್ ಎತ್ತಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೂ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತಿದ್ದೀರಿ ಎಂದರ್ಥ. ಇಂಥ ಉಪಾಯಗಳಿಗೆ ಅವರು ಮೊದಲು 'ಬಾಕಾ-ಯೋಕೆ' ಎಂಬ ಹೆಸರಿಟ್ಟಿದ್ದರು. 'ಬಾಕಾ' ಎಂದರೆ ಮೂರ್ಖ, ಮೂರ್ಖ ತಪ್ಪದಂತೆ ಕಾಯುವುದು ಎಂದು ಅರ್ಥ. ಒಂದು ಕಾರ್ಖಾನೆಯಲ್ಲಿ ಈ ಹೆಸರು ಕೇಳಿದ ಹೆಣ್ಣುಮಗಳೊಬ್ಬಳು 'ನಾನು ಅಷ್ಟು ಮೂರ್ಖಳೇ' ಎಂದು ಅತ್ತುಬಿಟ್ಟಳಂತೆ. ಶಿಂಗೊ ಅವರಿಗೆ ತಮ್ಮ ಮಾತಿನ ಒರಟುತನ ತಿಳಿಯಿತು. ಹೆಸರನ್ನು 'ಪೋಕಾ-ಯೋಕೆ' ಎಂದು ಬದಲಿಸಿದರು. 'ಪೋಕಾ' ಎಂದರೆ ಅರಿಯದೆ ಆಗುವ ತಪ್ಪು. ಹೆಸರಿನಲ್ಲಿ ಬದಲಾದದ್ದು ಒಂದು ಪದ. ನೋಟದಲ್ಲಿ ಬದಲಾದದ್ದು ಬಹಳ. ತಪ್ಪುವವನು ಮೂರ್ಖನಲ್ಲ, ಮನುಷ್ಯ.

ಅಮೆರಿಕದ ಸೈನ್ಯ ೧೯೪೯ರಲ್ಲಿ ಇನ್ನೊಂದು ವಿಧಾನವನ್ನು ಬರೆದಿಟ್ಟಿತ್ತು. ಕೆಲಸ ಶುರುವಾಗುವ ಮೊದಲೇ ಕುಳಿತು 'ಇದು ಎಲ್ಲೆಲ್ಲಿ, ಹೇಗೆ ಹೇಗೆ ಕೆಡಬಹುದು' ಎಂದು ಪಟ್ಟಿ ಮಾಡುವ ವಿಧಾನ ಅದು. ಚಂದ್ರನಲ್ಲಿಗೆ ಹೋದ ಅಪೊಲೊ ಯೋಜನೆ ಅದನ್ನು ಬಳಸಿತು, ಕಾರು ತಯಾರಕರು ೧೯೭೦ರ ದಶಕದಲ್ಲಿ ಕೈಗೆತ್ತಿಕೊಂಡರು. ಕೊನೆಗೆ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ ಅದನ್ನು ವಿಕಿರಣ ಚಿಕಿತ್ಸೆಗೆ ಅಳವಡಿಸುವ ಮಾರ್ಗವನ್ನು ವಿವರವಾಗಿ ಬರೆದು ೨೦೧೬ರಲ್ಲಿ ಪ್ರಕಟಿಸಿತು. ಅದುವರೆಗಿನ ಕಟ್ಟಲೆಗಳು ಹೆಚ್ಚಾಗಿ ಯಂತ್ರವನ್ನು ಪರೀಕ್ಷಿಸುವುದರ ಸುತ್ತಲೇ ಇದ್ದವು. ಯಂತ್ರ ಸರಿಯಿದ್ದೂ ರೋಗಿ ಬದಲಾಗಬಹುದು, ಎಡ ಬಲ ಅದಲುಬದಲಾಗಬಹುದು, ಹಳೆಯ ಕಾಗದ ಹೊಸದರ ಜಾಗಕ್ಕೆ ಬರಬಹುದು. ಹೊಸ ವರದಿ ಇಡೀ ದಾರಿಯನ್ನೇ ನೋಡಲು ಹೇಳಿತು. ರೋಗಿ ಒಳಗೆ ಬಂದ ಗಳಿಗೆಯಿಂದ ಕೊನೆಯ ಕಂತಿನವರೆಗೆ ಪ್ರತಿ ಹೆಜ್ಜೆಯನ್ನೂ ಬರೆದು, ಪ್ರತಿ ಹೆಜ್ಜೆಯಲ್ಲೂ ಏನು ತಪ್ಪಬಹುದೆಂದು ಕೇಳಿಕೊಂಡಾಗ ಒಂದು ಬಗೆಯ ಚಿಕಿತ್ಸೆಗೇ ಇನ್ನೂರಕ್ಕೂ ಹೆಚ್ಚು ದಾರಿ ತಪ್ಪುವ ಜಾಗಗಳು ಕಾಣಿಸಿದವು.

ಅಷ್ಟೊಂದನ್ನು ಒಮ್ಮೆಗೇ ಸರಿಪಡಿಸುವುದು ಹೇಗೆ? ಪ್ರತಿಯೊಂದಕ್ಕೂ ಒಂದರಿಂದ ಹತ್ತರೊಳಗೆ ಮೂರು ಅಂಕ ಕೊಡುತ್ತಾರೆ. ಆದರೆ ಎಷ್ಟು ಹಾನಿ, ಎಷ್ಟು ಸಲ ಆದೀತು, ಕಣ್ಣಿಗೆ ಬೀಳದೆ ಜಾರಿಹೋಗುವ ಸಂಭವ ಎಷ್ಟು ಎಂದು. ಮೂರನ್ನೂ ಗುಣಿಸಬೇಕು. ಉದಾಹರಣೆಗೆ, ರೋಗಿ ಹತ್ತು ನಿಮಿಷ ಹೆಚ್ಚು ಕಾಯಬೇಕಾಗುವ ಗೊಂದಲಕ್ಕೆ ೨, ೮, ೧ ಎಂದು ಕೊಟ್ಟರೆ ಗುಣಲಬ್ಧ ೧೬. ಹೊಸ ಲೋಹದ ಅಳತೆ ತಪ್ಪುವುದಕ್ಕೆ ೧೦, ೨, ೮ ಎಂದು ಕೊಟ್ಟರೆ ೧೬೦. ಮೊದಲನೆಯದು ದಿನವೂ ಕಿರಿಕಿರಿ ಮಾಡುತ್ತದೆ, ಎಲ್ಲರ ಗಮನ ಸೆಳೆಯುತ್ತದೆ. ಎರಡನೆಯದು ಅಪರೂಪ, ಸದ್ದಿಲ್ಲದ್ದು. ಗುಣಾಕಾರ ಮಾಡಿ ನೋಡಿದಾಗಲೇ ಯಾವುದಕ್ಕೆ ಮೊದಲು ಕೈ ಹಾಕಬೇಕೆಂದು ತಿಳಿಯುವುದು. ಗಣಿತದ ಪರೀಕ್ಷೆ ಮುಗಿದ ಮೇಲೆ ಗುಣಾಕಾರ ಎಲ್ಲಿಗೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದನ್ನು ತೋರಿಸಬಹುದು.

ಇನ್ನೊಂದು ಲೆಕ್ಕವೂ ಕುತೂಹಲಕರ. ಒಂದು ಕೆಲಸದಲ್ಲಿ ಇನ್ನೂರು ಹೆಜ್ಜೆಗಳಿವೆ ಎನ್ನೋಣ. ಪ್ರತಿ ಹೆಜ್ಜೆಯನ್ನೂ ಸಾವಿರಕ್ಕೆ ೯೯೯ ಸಲ ಸರಿಯಾಗಿ ಇಡುವ ಜಾಣರೇ ಎಲ್ಲರೂ. ಇನ್ನೂರು ಹೆಜ್ಜೆಗಳೂ ಸರಿಯಾಗಿ ಬೀಳುವ ಸಂಭವ ಎಷ್ಟು? ೦.೯೯೯ನ್ನು ಇನ್ನೂರು ಸಲ ಗುಣಿಸಿದರೆ ಬರುವುದು ಸುಮಾರು ೦.೮೨. ಅಂದರೆ ನೂರು ಸಲದಲ್ಲಿ ಹದಿನೆಂಟು ಸಲ ಎಲ್ಲೋ ಒಂದು ಕಡೆ ಏನಾದರೂ ತಪ್ಪಿರುತ್ತದೆ. ಜನ ಇನ್ನಷ್ಟು ಜಾಣರಾಗಬೇಕು ಎಂಬುದು ಇದಕ್ಕೆ ಉತ್ತರವಲ್ಲ. ತಪ್ಪನ್ನು ನಡುದಾರಿಯಲ್ಲಿ ಹಿಡಿಯಬೇಕು ಎಂಬುದೇ ಉತ್ತರ. ನೋಡುವವರು ಹತ್ತು ತಪ್ಪಿನಲ್ಲಿ ಒಂಬತ್ತನ್ನು ಹಿಡಿಯುತ್ತಾರೆಂದರೆ ಒಂದು ಜಾರಿಹೋಗುತ್ತದೆ. ಇಬ್ಬರು ಬೇರೆ ಬೇರೆಯಾಗಿ ನೋಡಿದರೆ ನೂರಕ್ಕೆ ಒಂದು ಮಾತ್ರ ಜಾರುತ್ತದೆ. ಇಲ್ಲಿ 'ಬೇರೆ ಬೇರೆಯಾಗಿ' ಎಂಬ ಮಾತು ಮುಖ್ಯ. ಮೊದಲಿನವರ ಉತ್ತರ ನೋಡಿ ತಲೆಯಾಡಿಸುವುದು ಎರಡನೆಯ ಪರೀಕ್ಷೆಯಲ್ಲ. ಪಕ್ಕದ ಬೆಂಚಿನವನ ಉತ್ತರದೊಂದಿಗೆ ತಾಳೆ ನೋಡಿದವನಿಗೆ ತನ್ನ ಉತ್ತರ ಸರಿಯೆಂದು ಹೇಗೆ ಗೊತ್ತಾಗಬೇಕು?

ಹೀಗೆ ಬೇರೆಯಾಗಿ ಪರೀಕ್ಷಿಸಲು ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ೧೯೬೯ರಲ್ಲಿ ಸೊಗಸಾದ ಏರ್ಪಾಡೊಂದನ್ನು ಮಾಡಿದವು. ಲಿಥಿಯಂ ಫ್ಲೋರೈಡ್ ಪುಡಿ ತುಂಬಿದ ಪುಟ್ಟ ಡಬ್ಬಿಗಳನ್ನು ಆಸ್ಪತ್ರೆಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಆಸ್ಪತ್ರೆಯವರು ತಮ್ಮ ಲೆಕ್ಕದಂತೆ ಅದಕ್ಕೆ ಎರಡು ಗ್ರೇ ವಿಕಿರಣ ಕೊಟ್ಟು ಅಂಚೆಯಲ್ಲೇ ಹಿಂದಿರುಗಿಸುತ್ತಿದ್ದರು. ಆ ಪುಡಿಯನ್ನು ಕಾಯಿಸಿದರೆ ಬೆಳಕು ಹೊಮ್ಮುತ್ತದೆ. ತಾಗಿದ ವಿಕಿರಣ ಎಷ್ಟೋ ಬೆಳಕೂ ಅಷ್ಟೇ. ಐದು ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ವಿಚಾರಣೆ ಶುರುವಾಗುತ್ತದೆ. ಭಾರತದಲ್ಲಿ ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರವೂ ಇಂಥ ಅಂಚೆ ಪರೀಕ್ಷೆ ನಡೆಸುತ್ತದೆ. ವಿಕಿರಣ ಯಂತ್ರಗಳಿಗೆ ಪರವಾನಗಿ ಕೊಡುವುದು ೧೯೮೩ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ. ವೈದ್ಯಕೀಯ ಭೌತವಿಜ್ಞಾನಿ ಇಲ್ಲದೆ ಅದು ಯಾವ ಚಿಕಿತ್ಸಾ ಕೇಂದ್ರಕ್ಕೂ ಒಪ್ಪಿಗೆ ಕೊಡುವುದಿಲ್ಲ. ಭಾಭಾ ಕೇಂದ್ರ ರೂಪಿಸಿದ 'ಭಾಭಾಟ್ರಾನ್' ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರವನ್ನು ತಯಾರಿಸಿದ್ದು ಬೆಂಗಳೂರಿನ ಒಂದು ಕಂಪನಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕಾರ್ಖಾನೆಯ ಪಾಠವೆಲ್ಲ ಯಂತ್ರ, ಅಂಕಿಗಳಲ್ಲೇ ಇಲ್ಲ. ಕೆಲವು ತೀರ ಸಾಮಾನ್ಯವಾದವು. ಒಳಗೆ ಬಂದವರನ್ನು 'ರಾಮಪ್ಪನವರೇ?' ಎಂದು ಕೇಳಿದರೆ ಗಾಬರಿಯಲ್ಲಿರುವ ಭೀಮಪ್ಪನವರೂ 'ಹೂಂ' ಎನ್ನಬಹುದು. 'ನಿಮ್ಮ ಹೆಸರೇನು, ಎಲ್ಲಿಗೆ ಚಿಕಿತ್ಸೆ?' ಎಂದು ಕೇಳಿದರೆ ಹೇಳಬೇಕಾದವರು ಅವರೇ. ಇದು ಕಾಸು ಖರ್ಚಿಲ್ಲದ ಪೋಕಾ-ಯೋಕೆ. ರೋಗಿಯ ಮೈಮೇಲೆ ಬಣ್ಣದ ಗೆರೆ ಎಳೆದು 'ಅಳಿಸಬೇಡಿ' ಎನ್ನುವುದೂ ಇದೇ ಬಗೆಯದು. ಆ ಗೆರೆ ನೋಡಿಯೇ ಮರುದಿನ ಕಿರಣ ಅದೇ ಜಾಗಕ್ಕೆ ಬೀಳುವಂತೆ ಮಲಗಿಸುತ್ತಾರೆ. ಗುಂಡಿ ಒತ್ತುವ ಮುನ್ನ ಒಂದು ಗಳಿಗೆ ನಿಂತು ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡುವುದು, ಕೆಲಸ ಮಾಡುವವರ ಮಧ್ಯೆ ಅನಗತ್ಯ ಮಾತು, ಫೋನು ಬಾರದಂತೆ ನೋಡಿಕೊಳ್ಳುವುದು, ಕೈಪಿಡಿ ಓದುವವರ ಭಾಷೆಯಲ್ಲಿರುವುದು, ಇವೆಲ್ಲ ಈ ಪಟ್ಟಿಗೆ ಸೇರುತ್ತವೆ. ಭಾಷೆಯ ಮಾತು ಸಣ್ಣದಲ್ಲ. ಫ್ರಾನ್ಸಿನ ಎಪಿನಾಲ್ ಪಟ್ಟಣದ ಆಸ್ಪತ್ರೆಯಲ್ಲಿ ೨೦೦೪-೦೫ರಲ್ಲಿ ಹಲವರಿಗೆ ಹೆಚ್ಚು ವಿಕಿರಣ ಬಿದ್ದ ಪ್ರಕರಣದಲ್ಲಿ, ಫ್ರೆಂಚ್ ಆಡುವ ಸಿಬ್ಬಂದಿಯ ಕೈಯಲ್ಲಿದ್ದ ಸಾಫ್ಟ್‌ವೇರಿನ ಕೈಪಿಡಿ ಇಂಗ್ಲಿಷಿನಲ್ಲಿತ್ತು.

ಮನುಷ್ಯ ನಟ್ಟು ಬೋಲ್ಟಲ್ಲ, ಆಸ್ಪತ್ರೆಯನ್ನು ಕಾರ್ಖಾನೆ ಮಾಡಬಾರದು ಎಂಬ ಆಕ್ಷೇಪ ಸಹಜ. ಅದರಲ್ಲಿ ನಿಜವೂ ಇದೆ. ಒಬ್ಬರ ಗೆಡ್ಡೆ ಇನ್ನೊಬ್ಬರದರಂತೆ ಇರುವುದಿಲ್ಲ. ಫಾರಂ ತುಂಬುವುದೇ ಕೆಲಸವಾಗಿ, ಟಿಕ್ ಗುರುತು ಹಾಕುವ ಕೈಗೆ ಕಣ್ಣಿನ ನೆನಪೇ ಇಲ್ಲದಂತಾಗುವ ಅಪಾಯವೂ ಉಂಟು. ಎಚ್ಚರಿಕೆಯ ಗಂಟೆ ಪದೇ ಪದೇ ಬಾರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದನ್ನು ಟೈಲರ್ ಊರೇ ತೋರಿಸಿಕೊಟ್ಟಿದೆ. ಆದರೆ ಕಾರ್ಖಾನೆಯಿಂದ ತರಬೇಕಾದದ್ದು ರೋಗಿಗಳನ್ನೆಲ್ಲ ಒಂದೇ ಅಚ್ಚಿಗೆ ಹಾಕುವ ಗುಣವನ್ನಲ್ಲ. ಸಾಮಾನ್ಯ ಕೆಲಸಗಳಿಗೆ ಒಂದೇ ಕ್ರಮವಿದ್ದರೆ ಅಸಾಮಾನ್ಯವಾದದ್ದು ಕೂಡಲೇ ಕಣ್ಣಿಗೆ 'ಹೊಡೆಯುತ್ತದೆ'. ಆಗ ವೈದ್ಯರ ಬುದ್ಧಿ ರೋಗಿಯ ಮೇಲೆ ನಿಲ್ಲುತ್ತದೆ, ಕಾಗದ ಹುಡುಕುವುದರ ಮೇಲಲ್ಲ. ಬೆಳಗಿನ ಜಾವದ ಬಸ್ಸಿಗೆ ದೂರದೂರಿಂದ ಬಂದು ಸಾಲಿನಲ್ಲಿ ಕಾಯುವ ರೋಗಿಗಳಿರುವ ಕಡೆ, ಯಂತ್ರಗಳೂ ಜನರೂ ಸಾಲದ ಕಡೆ, ಹೆಜ್ಜೆ ಹಾರಿಸುವ ಒತ್ತಡ ಇನ್ನೂ ಹೆಚ್ಚು. ಅಂಥಲ್ಲಿ ಕ್ರಮ ಅನಗತ್ಯ ಆಡಂಬರವಲ್ಲ, ಅಲ್ಲಿಯೇ ಅದು ಹೆಚ್ಚು ಬೇಕಾದದ್ದು.

ಈ ಎಲ್ಲ ಏರ್ಪಾಡುಗಳ ತಳದಲ್ಲಿ ಒಂದು ಕಲ್ಲಿದೆ. ಅದು ಜಾರಿದರೆ ಮೇಲಿನದೆಲ್ಲ ಕುಸಿಯುತ್ತದೆ. ತಪ್ಪಾದಾಗ, ಅಥವಾ ತಪ್ಪು ಆಗುವುದು ಕೂದಲೆಳೆಯಲ್ಲಿ ತಪ್ಪಿದಾಗ, ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಜನರಿಗೆ ಇರಬೇಕು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ವಿಕಿರಣ ಚಿಕಿತ್ಸಾ ವಿಭಾಗ ಟೊಯೊಟಾದ ರೀತಿಗಳನ್ನು ಅಳವಡಿಸಿಕೊಂಡಾಗ, ಅಂಥ ಸಂಗತಿಯನ್ನು ವರದಿ ಮಾಡಿದವರನ್ನು 'ಒಳ್ಳೆಯ ಕ್ಯಾಚ್ ಹಿಡಿದಿರಿ' ಎಂದು ಮೆಚ್ಚುವ ಪದ್ಧತಿ ತಂದಿತು. ಹೇಳಿದವರಿಗೆ ಬೈಗುಳ ಸಿಗುವ ಕಡೆ ಎರಡನೆಯ ಸಲ ಯಾರೂ ಹೇಳುವುದಿಲ್ಲ. ತಪ್ಪೇನೂ ಕಡಿಮೆಯಾಗುವುದಿಲ್ಲ, ಸುದ್ದಿ ಮಾತ್ರ ಕಡಿಮೆಯಾಗುತ್ತದೆ. ಎಪಿನಾಲ್‌ನಲ್ಲಿ ತಪ್ಪು ತಿಳಿದ ಮೇಲೂ ರೋಗಿಗಳಿಗೆ ಹೇಳಲು ತಡಮಾಡಿದ್ದು ಜನರ ಸಿಟ್ಟನ್ನು ಇಮ್ಮಡಿಸಿತು. ೨೦೧೩ರಲ್ಲಿ ನ್ಯಾಯಾಲಯ ಇಬ್ಬರು ವೈದ್ಯರಿಗೂ ಒಬ್ಬ ಭೌತವಿಜ್ಞಾನಿಗೂ ಶಿಕ್ಷೆ ವಿಧಿಸಿತು. ಬೇಕೆಂದೇ ಮುಚ್ಚಿಟ್ಟದ್ದಕ್ಕೂ ಅರಿಯದೆ ಎಡವಿದ್ದಕ್ಕೂ ಇರುವ ಅಂತರವನ್ನು ಮರೆಯಬಾರದು. ಮೊದಲನೆಯದಕ್ಕೆ ಶಿಕ್ಷೆ ಸರಿ. ಎರಡನೆಯದಕ್ಕೆ ಬೇಕಾದದ್ದು ತಡೆಗೋಡೆ.

ಇದು ಆಸ್ಪತ್ರೆಯ ಮಾತಷ್ಟೇ ಅಲ್ಲ. ಅಂಕಪಟ್ಟಿಯನ್ನು ಪುಸ್ತಕದ ನಡುವೆ ಬಚ್ಚಿಡುವ ಮಗು, ಮುರಿದ ಲೋಟದ ಚೂರನ್ನು ಕುಂಡದ ಮಣ್ಣಿನಲ್ಲಿ ಹೂಳುವ ಮಗು ಮುಂದೊಂದು ದಿನ ಯಾವುದೋ ಯಂತ್ರದ ಮುಂದೆ, ಯಾವುದೋ ಲೆಕ್ಕದ ಪುಸ್ತಕದ ಮುಂದೆ ಕೂರುತ್ತದೆ. 'ತಪ್ಪಾಯಿತು' ಎಂದು ಹೇಳುವುದನ್ನು ಅದು ಕಲಿಯುವುದು ಅಲ್ಲಲ್ಲ, ಮನೆಯಲ್ಲಿ ಮತ್ತು ಶಾಲೆಯಲ್ಲಿ. 'ಯಾಕೆ ತಪ್ಪಿದೆ?' ಎಂಬ ಮಾತನ್ನು ಗದರಿಕೆಯಾಗಿಯೂ ಕೇಳಬಹುದು, ನಿಜವಾದ ಪ್ರಶ್ನೆಯಾಗಿಯೂ ಕೇಳಬಹುದು. ಮಗುವಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಟೈಲರ್‌ನ ಎರಡನೆಯ ಅಪಘಾತದ ನಂತರ ಅಲ್ಲಿನ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರವನ್ನು ನಿಲ್ಲಿಸಿ, ಅದನ್ನು ನಡೆಸುತ್ತಿದ್ದ ಆ ಮಹಿಳೆಯ ಪಕ್ಕದಲ್ಲಿ ಕುಳಿತರು. ತಾನು ಏನು ಒತ್ತಿದೆ, ಯಾವುದನ್ನು ತಪ್ಪಾಗಿ ಒತ್ತಿದೆ, ಹೇಗೆ ಹಿಂದಕ್ಕೆ ಹೋಗಿ ತಿದ್ದಿದೆ ಎಂಬುದನ್ನೆಲ್ಲ ಆಕೆ ನೆನಪಿನಿಂದ ಹೇಳಿದರು. ಇಬ್ಬರೂ ಮತ್ತೆ ಮತ್ತೆ ಪ್ರಯತ್ನಿಸಿದರು. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಆಕೆಯಷ್ಟೇ ವೇಗದಲ್ಲಿ ಒತ್ತಿದಾಗ ಪರದೆಯ ಮೇಲೆ 'ದೋಷ ೫೪' ಮೂಡಿತು. ಕಂಪನಿಯ ಎಂಜಿನಿಯರುಗಳಿಗೆ ಸಿಗದಿದ್ದ ಕಾರಣ ಹೀಗೆ ಸಿಕ್ಕಿತು. 'ನಾನು ಏನೂ ತಪ್ಪು ಒತ್ತಲಿಲ್ಲ' ಎಂದು ಆಕೆ ಕೈತೊಳೆದುಕೊಂಡಿದ್ದರೆ ನಂಬದಿರಲು ಯಾರಲ್ಲೂ ಆಧಾರವಿರಲಿಲ್ಲ. ಆದರೆ ಉಳಿದ ಹತ್ತು ಯಂತ್ರಗಳ ಮುಂದೆ ಕುಳಿತಿದ್ದವರಿಗೆ ತಮ್ಮ ಬೆರಳ ತುದಿಯಲ್ಲಿ ಏನು ಕಾದಿದೆಯೆಂದು ತಿಳಿಯುತ್ತಲೇ ಇರಲಿಲ್ಲ.